ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ನಂತರ ತೂಕ ಇಳಿಯದೆ ನಿಂತಾಗ

ತೂಕ ಇಳಿಸಲು ಜಠರವನ್ನು ಚಿಕ್ಕದು ಮಾಡುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೊದಲ ದಿನಗಳಲ್ಲಿ ತೂಕದ ಯಂತ್ರದ ಮೇಲೆ ನಿಲ್ಲುವುದೇ ಒಂದು ಸಂಭ್ರಮ. ನಿನ್ನೆಗಿಂತ ಇವತ್ತು ಅರ್ಧ ಕೆಜಿ ಕಡಿಮೆ, ನಾಳೆ ಇನ್ನಷ್ಟು. ಊರಿಗೆ ಫೋನು ಹೋಗುತ್ತದೆ, ಹಳೆಯ ರವಿಕೆಗಳು ಟೈಲರ್ ಅಂಗಡಿಗೆ ಹೋಗುತ್ತವೆ. ಆಮೇಲೆ ಒಂದು ದಿನ ಅಂಕಿ ನಿಂತುಬಿಡುತ್ತದೆ. ವಾರವಾಯಿತು, ಎರಡು ವಾರವಾಯಿತು, ಅದೇ ಅಂಕಿ. ತಿನ್ನುವುದು ಒಂದು ಸಣ್ಣ ಬಟ್ಟಲು, ಆದರೂ ಇಳಿಯುತ್ತಿಲ್ಲ. ಹೊಟ್ಟೆ ಮತ್ತೆ ಹಿಗ್ಗಿತೇ? ಡಾಕ್ಟರ್ ಸರಿಯಾಗಿ ಮಾಡಲಿಲ್ಲವೇ? ಲಕ್ಷಗಟ್ಟಲೆ ಸುರಿದದ್ದು ನೀರಿನಲ್ಲಿ ಹೋಮ ಮಾಡಿದಂತಾಯಿತೇ?

ಮುಂಬೈಯಲ್ಲಿ ಈ ಶಸ್ತ್ರಚಿಕಿತ್ಸೆಯ ಹೆಸರು ಮನೆಮನೆಗೆ ಗೊತ್ತಾದದ್ದು 2017ರಲ್ಲಿ, ಸುಮಾರು 500 ಕೆಜಿ ತೂಕದ ಈಜಿಪ್ಟಿನ ಮಹಿಳೆಯೊಬ್ಬರನ್ನು ವಿಮಾನದಲ್ಲಿ ಇಲ್ಲಿಗೆ ಕರೆತಂದಾಗ. ಈಗ ಮಾಟುಂಗ, ಮುಲುಂಡ್, ಡೊಂಬಿವಿಲಿಯ ಕನ್ನಡ ಮನೆಗಳಲ್ಲೂ ಮಾಡಿಸಿಕೊಂಡವರು ಸಿಗುತ್ತಾರೆ. ನನ್ನ ಅತ್ತಿಗೆಯೂ ಅವರಲ್ಲೊಬ್ಬರು. ಅವರ ಜೊತೆ ತಪಾಸಣೆಗೆ ಹೋಗಿ ಕುಳಿತಾಗಲೆಲ್ಲ ಕಾಯುವ ಕೋಣೆಯಲ್ಲಿ ಕನ್ನಡ, ತುಳು, ಮರಾಠಿ, ಗುಜರಾತಿ ಎಲ್ಲ ಭಾಷೆಯಲ್ಲೂ ಕಿವಿಗೆ ಬೀಳುವುದು ಒಂದೇ ಮಾತು: 'ನಿಂತುಬಿಟ್ಟಿದೆ.' ಅದರ ಹಿಂದೆಯೇ ಬರುವ ಪರಿಹಾರವೂ ಒಂದೇ: 'ಇನ್ನೂ ಸ್ವಲ್ಪ ಕಡಿಮೆ ತಿಂದು ನೋಡುತ್ತೇನೆ.'

ಆ ಪರಿಹಾರದ ಬಗ್ಗೆಯೇ ನನಗೆ ತಕರಾರು. ಮೂರನೆಯ ವಾರದಲ್ಲಿ ತೂಕ ನಿಲ್ಲುವುದು ಬೇರೆ, ಎಂಟನೆಯ ತಿಂಗಳಲ್ಲಿ ನಿಲ್ಲುವುದು ಬೇರೆ, ಎರಡು ವರ್ಷ ಕಳೆದ ಮೇಲೆ ನಿಂತು ಏರತೊಡಗುವುದು ಇನ್ನೂ ಬೇರೆ. ಕಾರಣ ಬೇರೆಯಾದ ಮೇಲೆ ಮದ್ದೂ ಬೇರೆಯೇ ಆಗಬೇಕು.

ಮೂರನೆಯ ವಾರ: ನೀರಿನ ಲೆಕ್ಕ

ಮೊದಲು ಶಸ್ತ್ರಚಿಕಿತ್ಸೆ ಏನು ಮಾಡುತ್ತದೆ ಎಂಬುದು. ಸ್ಲೀವ್ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಕತ್ತರಿಸಿ ತೆಗೆದು ಕೊಳವೆಯಾಕಾರದ ಜಠರವನ್ನು ಉಳಿಸುತ್ತಾರೆ. ಬೈಪಾಸ್ ಎಂಬ ಇನ್ನೊಂದು ವಿಧಾನದಲ್ಲಿ ಸುಮಾರು 30 ಮಿಲಿ ಹಿಡಿಯುವ ಪುಟ್ಟ ಚೀಲವೊಂದನ್ನು ಮಾಡಿ ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಜಾಗ ಕಡಿಮೆಯಾಗುವುದು ಕಣ್ಣಿಗೆ ಕಾಣುವ ಬದಲಾವಣೆ. ಹಾರ್ಮೋನುಗಳ ಬದಲಾವಣೆ ಅದಕ್ಕಿಂತ ದೊಡ್ಡದು. ಹಸಿವನ್ನು ಎಬ್ಬಿಸುವ ಗ್ರೆಲಿನ್ ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ; ಸ್ಲೀವ್‌ನಲ್ಲಿ ಆ ಭಾಗವೇ ಹೋಗಿರುತ್ತದೆ. ಊಟ ಬೇಗ ಕರುಳಿಗೆ ಇಳಿಯುವುದರಿಂದ ಸಾಕೆನ್ನಿಸುವ ಜಿಎಲ್‌ಪಿ-1ನಂಥ ಹಾರ್ಮೋನುಗಳು ಹೆಚ್ಚು ಸುರಿಯುತ್ತವೆ.

ಮೊದಲ ವಾರಗಳಲ್ಲಿ ದೇಹಕ್ಕೆ ಸಿಗುವುದು ತೀರಾ ಕಡಿಮೆ ಆಹಾರ. ಆಗ ಅದು ಕೈಹಾಕುವುದು ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್‌ಗೆ, ಅಂದರೆ ಸಕ್ಕರೆಯ ದಾಸ್ತಾನಿಗೆ. ಒಬ್ಬರ ದೇಹದಲ್ಲಿ ಇದು ಅರ್ಧ ಕೆಜಿಯ ಆಸುಪಾಸು ಇರಬಹುದು. ಒಂದು ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ದಾಸ್ತಾನು ಖಾಲಿಯಾದಾಗ ನೀರೂ ಹೋಗುತ್ತದೆ. ಆ ದಿನಗಳ ಭರ್ಜರಿ ಇಳಿತದಲ್ಲಿ ನೀರಿನ ಪಾಲು ದೊಡ್ಡದು, ಕೊಬ್ಬಿನ ಪಾಲು ಅಷ್ಟಿರುವುದಿಲ್ಲ. ಎರಡು, ಮೂರು ವಾರಗಳ ನಂತರ ಮೆತ್ತನೆಯ ಆಹಾರ ಶುರುವಾದಾಗ ದೇಹ ಒಂದಿಷ್ಟು ಗ್ಲೈಕೋಜನ್ ಮತ್ತೆ ತುಂಬಿಕೊಳ್ಳುತ್ತದೆ, ಜೊತೆಗೆ ನೀರನ್ನೂ. ಒಳಗೆ ಕೊಬ್ಬು ಕರಗುತ್ತಿದ್ದರೂ ಯಂತ್ರದಲ್ಲಿ ಕಾಣುವುದಿಲ್ಲ.

ಈ ನಿಲುಗಡೆಗೆ ಮದ್ದೇ ಬೇಡ. ಹೇಳಿದಷ್ಟು ಪ್ರೋಟೀನ್, ಹೇಳಿದಷ್ಟು ನೀರು, ಸ್ವಲ್ಪ ಓಡಾಟ, ಅಷ್ಟೇ. ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳಲ್ಲಿ ತಾನಾಗಿ ಹೋಗುತ್ತದೆ. ಮುಟ್ಟಿನ ಮುಂಚಿನ ದಿನಗಳಲ್ಲಿ, ಮಲಬದ್ಧತೆಯಾದಾಗ, ಹಪ್ಪಳ ಉಪ್ಪಿನಕಾಯಿ ಹೆಚ್ಚಾದ ಮರುದಿನ ಒಂದೆರಡು ಕೆಜಿ ಆಚೀಚೆ ಆಗುವುದೂ ಇದೇ ನೀರಿನ ಆಟ. ದಿನಕ್ಕೆ ಮೂರು ಸಲ ಯಂತ್ರ ಹತ್ತುವವರು ಈ ಆಟವನ್ನಷ್ಟೇ ಅಳೆಯುತ್ತಿರುತ್ತಾರೆ. ವಾರಕ್ಕೊಮ್ಮೆ, ಅದೇ ಯಂತ್ರ, ಅದೇ ಹೊತ್ತು. ಅದಕ್ಕಿಂತ ಹೆಚ್ಚು ಬೇಕಿಲ್ಲ.

ಆರೇಳು ತಿಂಗಳ ನಂತರ: ಖರ್ಚು ಇಳಿದಾಗ

ಎರಡನೆಯ ಬಗೆಯದನ್ನು ಅರ್ಥ ಮಾಡಿಕೊಳ್ಳಲು ಒಂದು ಲೆಕ್ಕ ಹಾಕೋಣ. 45 ವರ್ಷದ, 160 ಸೆಂ.ಮೀ. ಎತ್ತರದ, 118 ಕೆಜಿ ತೂಕದ ಮಹಿಳೆ ಎಂದುಕೊಳ್ಳಿ. ಆಹಾರತಜ್ಞರು ಬಳಸುವ ಮಿಫ್ಲಿನ್ ಸೂತ್ರದ ಪ್ರಕಾರ, ಏನೂ ಮಾಡದೆ ಮಲಗಿದ್ದರೂ ಅವರ ದೇಹಕ್ಕೆ ದಿನಕ್ಕೆ ಸುಮಾರು 1,790 ಕ್ಯಾಲರಿ ಬೇಕು. ಎಂಟು ತಿಂಗಳಲ್ಲಿ 34 ಕೆಜಿ ಇಳಿದು 84ಕ್ಕೆ ಬಂದರು. ಈಗ ಅದೇ ಸೂತ್ರ 1,450ರ ಹತ್ತಿರದ ಅಂಕಿ ಕೊಡುತ್ತದೆ. ಅಂದರೆ ದಿನದ ಖರ್ಚಿನಲ್ಲಿ 340 ಕ್ಯಾಲರಿ ಕಡಿತ. ಒಂದು ವಡಾಪಾವ್‌ನಲ್ಲಿ ಇರುವುದು ಸುಮಾರು 300. ಅದರ ಮೇಲೆ, ನಡೆಯುವಾಗ, ಮೆಟ್ಟಿಲು ಹತ್ತುವಾಗ ಹೊರಬೇಕಾದ ಭಾರವೂ 34 ಕೆಜಿ ಕಡಿಮೆ. ಆ ಖರ್ಚೂ ಇಳಿಯಿತು. ಮೊದಲ ತಿಂಗಳಲ್ಲಿ ತೂಕ ಇಳಿಸುತ್ತಿದ್ದ ಊಟವೇ ಎಂಟನೆಯ ತಿಂಗಳಲ್ಲಿ ತೂಕವನ್ನು ಹಾಗೇ ಹಿಡಿದಿಡುವ ಊಟವಾಗುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ.

ಸೂತ್ರ ಹೇಳುವುದಕ್ಕಿಂತಲೂ ಹೆಚ್ಚು ಕಡಿತವಾಗುವುದುಂಟು. ಸಂಬಳ ಅರ್ಧವಾದ ಮನೆಯ ಯಜಮಾನಿ ಹಾಲು, ದೀಪ, ಫ್ಯಾನು ಎಲ್ಲದರಲ್ಲೂ ಹಿಡಿತ ಮಾಡುತ್ತಾಳಲ್ಲ, ದೇಹವೂ ಹಾಗೇ. 1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸಿದರು. ಅವರ ತೂಕ ಸುಮಾರು ಕಾಲು ಭಾಗ ಇಳಿಯಿತು, ಆದರೆ ದೇಹದ ಶಕ್ತಿಯ ಖರ್ಚು ಅದಕ್ಕೂ ಮೀರಿ ಇಳಿದಿತ್ತು. ಕೈಕಾಲು ತಣ್ಣಗಾದವು, ಓಡಾಟ ಬೇಡವೆನಿಸಿತು, ಕನಸಿನಲ್ಲೂ ಊಟವೇ. ಶಸ್ತ್ರಚಿಕಿತ್ಸೆಯಾದವರಲ್ಲೂ ಈ ಕಡಿತ ಕಾಣುತ್ತದೆ. ಎಷ್ಟೆಂಬುದು ಒಬ್ಬೊಬ್ಬರಿಗೆ ಒಂದೊಂದು. ಕೊಬ್ಬು ಕರಗಿದಂತೆ ಲೆಪ್ಟಿನ್ ಎಂಬ ಹಾರ್ಮೋನು ಕೂಡ ಇಳಿಯುತ್ತದೆ. ಮೆದುಳು ಅದನ್ನು ದಾಸ್ತಾನು ಖಾಲಿಯಾಗುತ್ತಿರುವ ಸುದ್ದಿ ಎಂದೇ ಓದಿಕೊಳ್ಳುತ್ತದೆ.

ಇದಕ್ಕೇ 'ಇನ್ನೂ ಕಡಿಮೆ ತಿನ್ನುತ್ತೇನೆ' ಎಂಬುದು ಹಲವು ಬಾರಿ ತಿರುಗುಬಾಣವಾಗುವುದು. ಊಟ ಇನ್ನಷ್ಟು ಇಳಿಸಿದರೆ ಮೊದಲು ಕೈಬಿಡುವುದು ಪ್ರೋಟೀನ್, ಅದರ ಹಿಂದೆ ಸ್ನಾಯು, ಸ್ನಾಯುವಿನ ಜೊತೆ ದಿನದ ಖರ್ಚು. ಕೂದಲು ಉದುರುವುದು, ಸುಸ್ತು, ಸಿಡುಕು ಬಳುವಳಿಯಾಗಿ ಬರುತ್ತವೆ.

ಎಷ್ಟು ಇಳಿಯಬೇಕಿತ್ತು?

ನಿಂತಿದೆ ಎನ್ನುವ ಅನೇಕರದು ನಿಜವಾಗಿ ನಿಂತಿರುವುದಿಲ್ಲ, ತಲುಪಿರುತ್ತದೆ. ಮೇಲಿನ ಮಹಿಳೆಯನ್ನೇ ತೆಗೆದುಕೊಳ್ಳಿ. ಅವರು ಗೋಡೆಯ ಪಟ್ಟಿ ನೋಡಿ ತಮ್ಮ ಗುರಿ 64 ಕೆಜಿ ಎಂದು ಮನಸ್ಸಿನಲ್ಲಿ ಬರೆದುಕೊಂಡಿದ್ದಾರೆ, ಅಂದರೆ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಅಂಕಿ) 25. ಶಸ್ತ್ರಚಿಕಿತ್ಸಕರು ಹೇಳುವ 'ಹೆಚ್ಚುವರಿ ತೂಕದ ಇಳಿತ' ಎಂಬ ಲೆಕ್ಕ ಈ 64ಕ್ಕಿಂತ ಮೇಲಿದ್ದ 54 ಕೆಜಿಯಲ್ಲಿ ಎಷ್ಟು ಹೋಯಿತು ಎಂಬುದು: 34 ಹೋಯಿತು, ಶೇ 63. ಒಟ್ಟು ತೂಕದಲ್ಲಿ ಎಷ್ಟು ಹೋಯಿತು ಎಂಬುದು ಇನ್ನೊಂದು ಲೆಕ್ಕ: ಶೇ 29ರ ಹತ್ತಿರ. ಭಾರತೀಯರಿಗೆ 23ರ ಬಿಎಂಐ ಹಿಡಿಯುವ ಡಾಕ್ಟರಾದರೆ ಮೊದಲ ಲೆಕ್ಕ ಶೇ 57ರ ಆಸುಪಾಸಿಗೆ ಬರುತ್ತದೆ. ತೂಕ ಒಂದೇ, ಅಂಕಿ ಮೂರು. ಪಕ್ಕದ ಕಟ್ಟಡದವರು 'ನನ್ನದು ಶೇ 70 ಹೋಯಿತು' ಎಂದಾಗ ಯಾವ ಲೆಕ್ಕ ಎಂದು ಕೇಳದೆ ಬೇಸರಪಟ್ಟುಕೊಳ್ಳುವುದು ವ್ಯರ್ಥ.

ಸ್ಲೀವ್ ಆದವರಲ್ಲಿ ಒಟ್ಟು ತೂಕದ ಕಾಲು ಭಾಗ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಇಳಿಯುವುದು ಒಳ್ಳೆಯ ಫಲಿತಾಂಶವೇ. ಸಾಮಾನ್ಯವಾಗಿ 12ರಿಂದ 18 ತಿಂಗಳಲ್ಲಿ ತೂಕ ತನ್ನ ಕನಿಷ್ಠ ಮಟ್ಟಕ್ಕೆ ಬರುತ್ತದೆ, ಆಮೇಲೆ ಸ್ವಲ್ಪ ಏರುವುದೂ ನಿರೀಕ್ಷಿತವೇ. 1987ರಲ್ಲಿ ಶುರುವಾದ ಸ್ವೀಡನ್ನಿನ ದೀರ್ಘ ಅಧ್ಯಯನದಲ್ಲಿ ಬೈಪಾಸ್ ಆದವರ ತೂಕ ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇ 32ರಷ್ಟು ಇಳಿದಿತ್ತು. ಹತ್ತು ವರ್ಷಗಳ ನಂತರ ಆ ಇಳಿತ ಶೇ 25ಕ್ಕೆ ಬಂದಿತ್ತು. ಕೆಲವು ಕೆಜಿ ಮರಳುತ್ತದೆ, ಬಹುಪಾಲು ಮರಳುವುದಿಲ್ಲ. ಈ ಚಿತ್ರವನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಬಿಡಿಸಿ ತೋರಿಸದ ಆಸ್ಪತ್ರೆಗಳ ಮೇಲೆ ನನಗೆ ಸಿಟ್ಟಿದೆ. ಗೋಡೆಯ ತುಂಬ 'ಮೊದಲು-ನಂತರ'ದ ಫೋಟೋ ಹಾಕುವವರು ಹತ್ತು ವರ್ಷದ ಗೆರೆಯನ್ನೂ ಹಾಕಬೇಕು.

ಬಟ್ಟಲು ಚಿಕ್ಕದು, ದಿನ ಉದ್ದ

ಅತ್ತಿಗೆಯ ತೂಕ ನಿಂತಾಗ ಆಹಾರತಜ್ಞೆ ಮಾಡಿದ್ದು ಒಂದೇ ಕೆಲಸ. ಒಂದು ಸಣ್ಣ ನೋಟುಪುಸ್ತಕ ಕೊಟ್ಟು, ಬಾಯಿಗೆ ಹೋದದ್ದನ್ನೆಲ್ಲ ಆ ಕ್ಷಣವೇ ಬರೆಯಿರಿ, ರಾತ್ರಿ ನೆನಪಿಸಿಕೊಂಡು ಬರೆಯಬೇಡಿ ಎಂದರು. ಊಟದ ಸಾಲುಗಳೆಲ್ಲ ಶಿಸ್ತಾಗಿಯೇ ಇದ್ದವು: ಮಧ್ಯಾಹ್ನ ಅರ್ಧ ಬಟ್ಟಲು ಗಂಜಿ, ಚಮಚ ಪಲ್ಯ, ರಾತ್ರಿ ಒಂದು ನೀರುದೋಸೆ. ಊಟದ ನಡುವಿನ ಸಾಲುಗಳು ಮಾತ್ರ ಬೇರೆ ಕಥೆ ಹೇಳಿದವು. ನಾಲ್ಕು ಗಂಟೆಯ ಚಹಾದಲ್ಲಿ ಅದ್ದಿದ ಖಾರಿ. ಧಾರಾವಾಹಿ ನೋಡುತ್ತ ಶೇವು, ಸ್ವಲ್ಪ ಎಂದು ಬರೆದದ್ದು. ಮಗನ ತಟ್ಟೆಯಲ್ಲಿ ಉಳಿದ ಪೂರಿ ಅರ್ಧ. ಊರಿನಿಂದ ಬಂದ ಚಕ್ಕುಲಿ, ಗೋಡಂಬಿ.

ಶಸ್ತ್ರಚಿಕಿತ್ಸೆ ತಡೆಯುವುದು ಒಂದೇ ಸಲಕ್ಕೆ ತಿನ್ನುವ ಗಟ್ಟಿ ಆಹಾರವನ್ನು. ಬಾಯಲ್ಲಿ ಕರಗಿ ಜಾರುವುದನ್ನು ಅದು ತಡೆಯಲಾರದು. ಚಹಾದಲ್ಲಿ ನೆನೆದ ಖಾರಿ, ಬಿಸ್ಕತ್ತು, ಐಸ್‌ಕ್ರೀಮ್, ಕುರುಕುರು ಎಂದು ಪುಡಿಯಾಗುವ ಫರ್ಸಾಣ್, ಇವು ಜಠರದಲ್ಲಿ ನಿಲ್ಲದೆ ಇಳಿದುಬಿಡುತ್ತವೆ, ತುಂಬಿದ ಭಾವನೆ ಬರುವುದೇ ಇಲ್ಲ. ಕರಿದ ಫರ್ಸಾಣ್ 100 ಗ್ರಾಮಿಗೆ 500 ಕ್ಯಾಲರಿ ದಾಟುತ್ತದೆ. ಎರಡು ಹಿಡಿಯಲ್ಲಿ ಮೇಲೆ ಹೇಳಿದ ವಡಾಪಾವ್ ಮರಳಿ ಬಂದಂತೆ.

ಕರಾವಳಿಯವರಿಗೆ ಕಹಿಯಾದ ಒಂದು ಮಾತು ಇಲ್ಲಿ ಹೇಳಲೇಬೇಕು. ಗಂಜಿ ನಮಗೆ ಪಥ್ಯ. ಜ್ವರಕ್ಕೂ ಗಂಜಿ, ಹೊಟ್ಟೆ ಕೆಟ್ಟರೂ ಗಂಜಿ. ಆದರೆ ಚಿಕ್ಕ ಜಠರದ ಮಟ್ಟಿಗೆ ತೆಳು ಗಂಜಿ, ಬೆಲ್ಲ ಕಾಯಿ ಹಾಕಿದ ನೀರುದೋಸೆ, ಚಹಾ-ಟೋಸ್ಟು ಎಲ್ಲ ಒಂದೇ ಪಂಗಡ: ಜಾರುತ್ತವೆ, ಬೇಗ ಮತ್ತೆ ಹಸಿವಾಗುತ್ತದೆ, ಪ್ರೋಟೀನ್ ಹೆಸರಿಗಷ್ಟೇ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಎಂಬುದು ಸಾಮಾನ್ಯವಾಗಿ ಹೇಳುವ ಗುರಿ. ಒಂದು ಇಡ್ಲಿಯಲ್ಲಿ ಸಿಗುವುದು ಎರಡು ಗ್ರಾಂ, ಒಂದು ಮೊಟ್ಟೆಯಲ್ಲಿ ಆರು, ಗಟ್ಟಿ ತೊವ್ವೆಯ ಒಂದು ಬಟ್ಟಲಿನಲ್ಲಿ ಆರೇಳು, 100 ಗ್ರಾಂ ಪನೀರಿನಲ್ಲಿ ಸುಮಾರು 18, ಅಷ್ಟೇ ತೂಕದ ಬಂಗುಡೆಯಲ್ಲಿ 20ರ ಹತ್ತಿರ. ಬಂಗುಡೆ ತಿನ್ನುವ ಮನೆಯಾದರೆ ದಾರಿ ಸುಲಭ, ಕರಿಯದೆ ಪುಳಿಮುಂಚಿ ಮಾಡಿದರೆ ಆಯಿತು. ಸಸ್ಯಾಹಾರಿಗಳಿಗೆ ಮೊಳಕೆ ಕಾಳಿನ ಉಸಳ್, ಪನೀರ್, ಸೋಯಾ, ಮೊಸರು, ಸಾಲದಿದ್ದರೆ ಡಾಕ್ಟರ್ ಹೇಳಿದ ಪ್ರೋಟೀನ್ ಪುಡಿ. ತಟ್ಟೆಯಲ್ಲಿ ಮೊದಲ ತುತ್ತು ಪ್ರೋಟೀನಿನದು, ಎರಡನೆಯದು ತರಕಾರಿಯದು, ಅನ್ನ ಕೊನೆಗೆ, ಜಾಗ ಉಳಿದಿದ್ದರೆ. ಊಟದ ಜೊತೆ ನೀರು ಕುಡಿಯಬಾರದು, ಅರ್ಧ ಗಂಟೆ ಬಿಟ್ಟು ಕುಡಿಯಬೇಕು ಎಂಬ ನಿಯಮ ಮೊದಲ ವರ್ಷದ ನಂತರ ಎಲ್ಲರ ಮನೆಯಲ್ಲೂ ಸಡಿಲವಾಗುತ್ತದೆ. ಅದನ್ನು ಮತ್ತೆ ಬಿಗಿ ಮಾಡಿದರೆ ಹೊಟ್ಟೆ ತುಂಬಿದ ಭಾವನೆ ಇನ್ನಷ್ಟು ಹೊತ್ತು ನಿಲ್ಲುತ್ತದೆ.

ಅತ್ತಿಗೆ ಕೊನೆಗೆ ಬಿಟ್ಟದ್ದು ಖಾರಿಯೊಂದನ್ನೇ. ಶೇವಿನ ಡಬ್ಬಿಯನ್ನು ಎತ್ತರದ ಅಟ್ಟಕ್ಕೆ ಸಾಗಿಸಿದರು. ಚಹಾ ಬಿಡಲಿಲ್ಲ. ಮುಂಬೈಯಲ್ಲಿದ್ದು ಚಹಾ ಬಿಡಿ ಎಂದು ಹೇಳುವ ಧೈರ್ಯ ಆ ಆಹಾರತಜ್ಞೆಗೂ ಇರಲಿಲ್ಲ. ಸಕ್ಕರೆ ತೆಗೆಸಿದರು, ಅಷ್ಟೇ.

ಹೋಟೆಲು ವ್ಯವಹಾರದವರ ಕಷ್ಟ ಇನ್ನೊಂದು ತರಹ. ರಾತ್ರಿ ಗಲ್ಲಾ ಲೆಕ್ಕ ಮುಗಿಸಿ, ಶಟರ್ ಎಳೆದು, ಒಂದು ಗಂಟೆಗೆ ಮನೆಗೆ ಬಂದು ಉಣ್ಣುವವರು ನಮ್ಮಲ್ಲಿ ಬಹಳ. ಸಾಂಬಾರಿನ ರುಚಿ ನೋಡುವುದು, ಚಟ್ನಿಯ ಉಪ್ಪು ನೋಡುವುದು ಊಟದ ಲೆಕ್ಕಕ್ಕೆ ಬರುವುದೇ ಇಲ್ಲ. ನಿದ್ದೆ ಐದು ಗಂಟೆಗೆ ಇಳಿದಾಗ ಹಸಿವಿನ ಹಾರ್ಮೋನುಗಳೂ ಏರುಪೇರಾಗುತ್ತವೆ. ಬಾರ್ ನಡೆಸುವವರು ಇನ್ನೊಂದು ಮಾತು ನೆನಪಿಡಬೇಕು: ಶಸ್ತ್ರಚಿಕಿತ್ಸೆಯ ನಂತರ, ಬೈಪಾಸ್ ಆದವರಲ್ಲಂತೂ, ಮದ್ಯ ಬೇಗ ರಕ್ತಕ್ಕೆ ಸೇರುತ್ತದೆ, ಮೊದಲಿಗಿಂತ ಕಡಿಮೆಗೇ ಅಮಲೇರುತ್ತದೆ. ಅದು ಕ್ಯಾಲರಿಯ ಮಾತಷ್ಟೇ ಅಲ್ಲ, ಚಟಕ್ಕೂ ಹತ್ತಿರದ ದಾರಿ.

ಸ್ನಾಯು ಉಳಿಸುವ ಕೆಲಸ

ಇಳಿದ ತೂಕದಲ್ಲಿ ಎಲ್ಲವೂ ಕೊಬ್ಬಲ್ಲ. ಸುಮಾರು ಕಾಲು ಭಾಗ ಸ್ನಾಯು ಮತ್ತಿತರ ಅಂಗಾಂಶ ಎಂದು ಹಿಡಿಯಬಹುದು. ನಡಿಗೆ ಒಳ್ಳೆಯದು, ಆದರೆ ನಡಿಗೆಯೊಂದೇ ಸ್ನಾಯುವನ್ನು ಕಾಯುವುದಿಲ್ಲ. ವಾರಕ್ಕೆ ಎರಡು ಮೂರು ದಿನ ಭಾರದ ವ್ಯಾಯಾಮ ಬೇಕು. ಜಿಮ್ಮಿಗೆ ಹೋಗಲು ಸಂಕೋಚವಿದ್ದರೆ ಮನೆಯ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಗೋಡೆಗೆ ಕೈಯಿಟ್ಟು ತಳ್ಳುವುದು, ರಬ್ಬರ್ ಪಟ್ಟಿ ಎಳೆಯುವುದು ಇಷ್ಟರಿಂದ ಶುರು ಮಾಡಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಟುಂಗದ ಫೈವ್ ಗಾರ್ಡನ್ಸ್‌ನ ನಡಿಗೆ ನಿಂತೇ ಹೋಗುತ್ತದೆಯಾದ್ದರಿಂದ ಮಳೆಗಾಲಕ್ಕೆಂದೇ ಈ ಮನೆಯೊಳಗಿನ ವ್ಯಾಯಾಮ ಕಲಿತಿರಬೇಕು. ಸ್ನಾಯು ಬೆಳೆದು ಕೊಬ್ಬು ಕರಗುವ ತಿಂಗಳುಗಳಲ್ಲಿ ಯಂತ್ರ ಸುಮ್ಮನಿರುತ್ತದೆ. ಸೊಂಟದ ಅಳತೆ ಮಾತ್ರ ಇಳಿಯುತ್ತದೆ. ಟೇಪು ಹಿಡಿದು ತಿಂಗಳಿಗೊಮ್ಮೆ ಅಳೆಯಿರಿ. ದಾದರ್ ಸ್ಟೇಷನ್ನಿನ ಮೇಲ್ಸೇತುವೆಯನ್ನು ನಡುವೆ ನಿಲ್ಲದೆ ಹತ್ತಿದಿರಾದರೆ ಅದನ್ನೂ ಬರೆದಿಡಿ. ಸಕ್ಕರೆ ಕಾಯಿಲೆಯ ಮಾತ್ರೆ ಎಷ್ಟು ಕಡಿಮೆಯಾಯಿತು, ಬಿಪಿ ಎಷ್ಟಕ್ಕೆ ಬಂತು ಎಂಬುದು ಕೆಜಿಗಿಂತ ದೊಡ್ಡ ಸುದ್ದಿ.

ಮಾಡಬಾರದ್ದು, ಮತ್ತು ಡಾಕ್ಟರ ಬಳಿ ಹೋಗಬೇಕಾದ್ದು

ನಿಂತ ತೂಕದ ಸುತ್ತ ಒಂದು ಸಣ್ಣ ಮಾರುಕಟ್ಟೆಯೇ ಇದೆ. ಐದು ದಿನ ಬರೀ ದ್ರವ ಕುಡಿದು ಹೊಟ್ಟೆಯನ್ನು 'ಮೊದಲಿನಂತೆ' ಮಾಡಿಕೊಳ್ಳಿ ಎನ್ನುವವರು, ಕೊಬ್ಬು ಕರಗಿಸುವ ಪುಡಿ ಮಾರುವವರು, ಅಡುಗೆ ಸೋಡಾ ಕುಡಿಸುವವರು. ದ್ರವಾಹಾರದಿಂದ ಜಠರ ಕುಗ್ಗುವುದಿಲ್ಲ. ಐದು ದಿನದಲ್ಲಿ ಹೋಗುವುದು ಮತ್ತದೇ ಗ್ಲೈಕೋಜನ್ ಮತ್ತು ನೀರು, ಆರನೆಯ ದಿನ ಮರಳುವುದೂ ಅದೇ.

ಡಾಕ್ಟರ ಬಳಿ ಹೋಗಲು ಮಾತ್ರ ತಡಮಾಡಬಾರದು. ಥೈರಾಯಿಡ್ ಏರುಪೇರಾಗಿದ್ದರೆ, ಸ್ಟೆರಾಯಿಡ್, ಇನ್ಸುಲಿನ್, ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು ನಡೆಯುತ್ತಿದ್ದರೆ ತೂಕ ಹಿಡಿದುಕೊಳ್ಳುತ್ತದೆ. ಮಾತ್ರೆಯನ್ನು ತಾವಾಗಿ ಬಿಡದೆ, ಬದಲಿ ಇದೆಯೇ ಎಂದು ಕೇಳಬೇಕು. ರಕ್ತಪರೀಕ್ಷೆಯಲ್ಲಿ ಕಬ್ಬಿಣ, ಬಿ12, ಡಿ ಜೀವಸತ್ವ ನೋಡಿಸಬೇಕು; ರಕ್ತಹೀನತೆಯ ಸುಸ್ತಿನಲ್ಲಿ ಯಾರೂ ವ್ಯಾಯಾಮ ಮಾಡಲಾರರು. ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆಯನ್ನು ಒಟ್ಟಿಗೆ ನುಂಗದೆ ಎರಡು ಗಂಟೆ ಅಂತರ ಬಿಡಬೇಕು. ಪದೇಪದೇ ವಾಂತಿಯಾಗುತ್ತಿದ್ದರೆ ತೂಕ ಇಳಿಯಿತೆಂದು ಖುಷಿಪಡುವ ಹಾಗಿಲ್ಲ, ಬಿ1 ಕೊರತೆಯಾಗಿ ನರಗಳಿಗೆ ಪೆಟ್ಟು ಬೀಳಬಹುದು. ಅದೇ ದಿನ ತೋರಿಸಬೇಕು. ಬೇಸರಕ್ಕೆ, ಒಂಟಿತನಕ್ಕೆ ತಿನ್ನುವ ಅಭ್ಯಾಸವಿದ್ದರೆ ಆಪ್ತಸಮಾಲೋಚಕರ ಭೇಟಿಯೂ ಚಿಕಿತ್ಸೆಯ ಭಾಗವೇ, ಅದರಲ್ಲಿ ನಾಚಿಕೆ ಏನಿಲ್ಲ.

ಕನಿಷ್ಠ ಮಟ್ಟ ಮುಟ್ಟಿದ ಮೇಲೆ ತೂಕ ತಿಂಗಳು ತಿಂಗಳು ಏರುತ್ತಲೇ ಇದ್ದರೆ ಎಂಡೋಸ್ಕೋಪಿ ಅಥವಾ ಬೇರಿಯಂ ಎಕ್ಸ್‌ರೇ ಮಾಡಿ ಜಠರದ ಆಕಾರ ನೋಡುತ್ತಾರೆ. ಈಗ ತೂಕ ಇಳಿಸುವ ಚುಚ್ಚುಮದ್ದುಗಳೂ ಇವೆ: ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ, ತೂಕಕ್ಕೆಂದೇ ಇರುವ ಸೆಮಾಗ್ಲುಟೈಡ್ ಅದೇ ವರ್ಷದ ಜೂನ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಶಸ್ತ್ರಚಿಕಿತ್ಸೆಯಾದವರಿಗೂ ಡಾಕ್ಟರುಗಳು ಇವನ್ನು ಬರೆದುಕೊಡುವುದುಂಟು. ಆದರೆ ಮೊದಲೇ ಕಡಿಮೆ ತಿನ್ನುವವರ ಹಸಿವನ್ನು ಇವು ಇನ್ನೂ ಅಡಗಿಸುವುದರಿಂದ ಪ್ರೋಟೀನಿನ ಮೇಲೆ ಎರಡು ಪಟ್ಟು ಕಣ್ಣಿಡಬೇಕು. ಔಷಧಿ ಅಂಗಡಿಯ ಪರಿಚಯದಲ್ಲಿ ತಂದು ಚುಚ್ಚಿಕೊಳ್ಳುವ ವಸ್ತು ಇದಲ್ಲ. ಎರಡನೆಯ ಶಸ್ತ್ರಚಿಕಿತ್ಸೆ, ಅಂದರೆ ಸ್ಲೀವ್ ಅನ್ನು ಬೈಪಾಸ್‌ಗೆ ಬದಲಿಸುವುದು, ಕೊನೆಯ ಆಯ್ಕೆ. ವಿಪರೀತ ಹುಳಿತೇಗು, ಎದೆಯುರಿ ಇದ್ದವರಿಗೆ ಅದು ಉಪಕಾರಿ. ಶೇವಿನ ಡಬ್ಬಿ ಕೆಳಗೇ ಇರುವವರಿಗೆ ಅದರಿಂದಲೂ ಬಹಳ ದಿನ ಲಾಭವಿಲ್ಲ.

ಇನ್ನೊಂದು, ಮುಂಬೈ ಕನ್ನಡಿಗರಿಗೆಂದೇ. ನಮ್ಮಲ್ಲಿ ಅರವತ್ತು ದಾಟಿದ ಮೇಲೆ ಉಡುಪಿ, ಮಂಗಳೂರು, ಕುಂದಾಪುರದ ಕಡೆ ಮರಳುವವರು ಬಹಳ. ಇಲ್ಲಿನ ಡಾಕ್ಟರ ಕಡತ ಇಲ್ಲೇ ಉಳಿಯುತ್ತದೆ. ಯಾವ ವಿಧಾನ, ಎಂದು ಮಾಡಿದ್ದು, ಬೈಪಾಸ್ ಆದರೆ ಎಷ್ಟು ಉದ್ದದ ಕರುಳನ್ನು ಬದಿಗೊತ್ತಿದ್ದು, ಇವನ್ನು ಬರೆದ ಶಸ್ತ್ರಚಿಕಿತ್ಸಾ ಟಿಪ್ಪಣಿಯ ಪ್ರತಿಯನ್ನು ಕೇಳಿ ತೆಗೆದುಕೊಳ್ಳಿ. ಮೊಬೈಲಿನಲ್ಲೂ ಒಂದು ಫೋಟೋ ಇರಲಿ. ಊರಿನ ಡಾಕ್ಟರಿಗೆ ಅದು ಗೊತ್ತಿಲ್ಲದೆ ಮಂಡಿನೋವಿಗೆ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಬರೆದುಕೊಟ್ಟರೆ, ಬೈಪಾಸ್ ಆದವರ ಹೊಲಿಗೆಯ ಜಾಗದಲ್ಲಿ ಹುಣ್ಣಾಗುವ ಅಪಾಯ ಶಸ್ತ್ರಚಿಕಿತ್ಸೆಯಾಗಿ ಎಷ್ಟು ವರ್ಷ ಕಳೆದಿದ್ದರೂ ಇರುತ್ತದೆ.